ತೊಳೆಸಿದ ಮರುದಿನ ಮಿಸ್ ಹೊಡೆದ ಇಂಜಿನ್: ವಿಜಯಪುರದ ಒಂದು ಪ್ರಕರಣ

ನಾಲ್ಕು ಸಿಲಿಂಡರಿನ ಸಣ್ಣ ಪೆಟ್ರೋಲ್ ಕಾರು, ಒಂಬತ್ತು ವರ್ಷ ಹಳೆಯದು. ಮಾಲೀಕರು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು. ತೋಟಕ್ಕೂ ವಿಜಯಪುರಕ್ಕೂ ದಿನಾ ಓಡಾಟ, ಅದರಲ್ಲಿ ಸ್ವಲ್ಪ ದೂರ ಎರೆ ಮಣ್ಣಿನ ದಾರಿ. ಸುಗ್ಗಿಯಲ್ಲಿ ಡಾಂಬರು ರಸ್ತೆಯೂ ಕಣವೇ ಆಗಿಬಿಡುತ್ತದೆ. ಕಡಲೆ, ತೊಗರಿ ರಸ್ತೆ ಮೇಲೆ ಹರವಿರುತ್ತಾರೆ, ಗಾಡಿಗಳು ಅದರ ಮೇಲೆ ಹಾಯ್ದು ಹೋಗಬೇಕು. ಈ ಕಾರಿಗೆ ಆದದ್ದನ್ನು ತಿಳಿಯಲು ಆ ಹೊಟ್ಟಿನ ಸಂಗತಿ ನೆನಪಿರಲಿ.

ಬೆಳಗ್ಗೆ ನಮ್ಮ ಗ್ಯಾರೇಜಿಗೆ ಅವರ ಫೋನ್ ಬಂತು. "ನಿನ್ನೆ ಇಂಜಿನ್ ತೊಳಿಸೀನ್ರಿ. ಮುಂಜಾನಿಂದ ಗಾಡಿ ನಡಗ್ಲಾಕತ್ತದ, ಪಿಕಪ್ ಇಲ್ಲ, ಹಳದಿ ಲೈಟ್ ಮಿಣಮಿಣ ಅಂತದ." ಲೈಟ್ ಹತ್ತಿಕೊಂಡೇ ಇದೆಯೋ ಮಿಣುಕುತ್ತಿದೆಯೋ ಎಂದು ಮತ್ತೊಮ್ಮೆ ಕೇಳಿದೆ. ಚೆಕ್ ಇಂಜಿನ್ ಲೈಟ್ ಒಂದೇ ಸಮನೆ ಹತ್ತಿದ್ದರೆ ನಿಧಾನಕ್ಕೆ ಗ್ಯಾರೇಜಿನವರೆಗೆ ಬರಬಹುದು. ಮಿಣುಕುತ್ತಿದ್ದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಹೊರಬೀಳುತ್ತಿದೆ ಎಂದರ್ಥ. ಆ ಪೆಟ್ರೋಲ್, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿದು ಅದನ್ನೇ ಸುಟ್ಟುಬಿಡುತ್ತದೆ. ಅದು ದುಬಾರಿ ಸಾಮಾನು. ಅಲ್ಲೇ ನಿಲ್ಲಿಸಿ, ಎಳೆಸಿಕೊಂಡು ಬನ್ನಿ ಎಂದೆ.

ಇಂಜಿನ್ ತೊಳೆಸಿದ್ದೇಕೆ ಎಂದರೆ, ಸಿಗ್ನಲ್‌ನಲ್ಲಿ ನಿಂತಾಗ ಸುಟ್ಟ ಆಯಿಲ್ ವಾಸನೆ ಬರುತ್ತಿತ್ತು, ಡಿಪ್‌ಸ್ಟಿಕ್‌ನಲ್ಲಿ ಮಟ್ಟವೂ ಇಳಿಯುತ್ತಿತ್ತು. ಪರಿಚಯದವರೊಬ್ಬರು, "ಮೊದಲ ಇಂಜಿನ್ ತೊಳಸ್ರಿ, ಸೋರೂದು ತಾನ ಕಾಣ್ತದ" ಎಂದಿದ್ದರಂತೆ. ಆ ಮಾತಿನಲ್ಲಿ ಅರ್ಧ ನಿಜವಿದೆ. ತೊಳೆದ ಇಂಜಿನ್‌ನಲ್ಲಿ ಹೊಸ ಸೋರಿಕೆ ಬೇಗ ಕಾಣುತ್ತದೆ, ಸರಿ. ಆದರೆ ತೊಳೆಯುವ ಮುಂಚೆ ಆ ಕೊಳೆಯನ್ನೇ ಒಮ್ಮೆ ಟಾರ್ಚ್ ಹಾಕಿ ನೋಡಬೇಕು. ಎಷ್ಟು ದಿನದಿಂದ, ಎಲ್ಲಿಂದ, ಏನು ಸೋರುತ್ತಿದೆ ಎಂಬುದೆಲ್ಲ ಅದರಲ್ಲೇ ಇರುತ್ತದೆ. ಆಯಿಲ್ ಕೆಳಕ್ಕೆ ಇಳಿಯುತ್ತದೆ, ಓಡುವಾಗಿನ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹಾಗಾಗಿ ಹಸಿ ಇರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದ್ದೇ ಮೂಲಕ್ಕೆ ಹತ್ತಿರ. ಕೂಲಂಟ್ ಸೋರಿದ್ದರೆ ಹಸಿರೋ ಗುಲಾಬಿಯೋ ಬಣ್ಣದ ಒಣ ಹೊಪ್ಪಳೆ ಕೂತಿರುತ್ತದೆ. ಬ್ರೇಕ್ ಆಯಿಲ್ ಬಿದ್ದಲ್ಲಿ ಬಣ್ಣವೇ ಎದ್ದಿರುತ್ತದೆ. ಪೆಟ್ರೋಲ್ ಜಿನುಗಿದಲ್ಲಿ ಇನ್ನೂ ವಿಚಿತ್ರ: ಸುತ್ತಲೂ ಮಸಿ ಇದ್ದು ಅಷ್ಟೇ ಜಾಗ ತೊಳೆದಂತೆ ಸ್ವಚ್ಛ. ಇದನ್ನೆಲ್ಲ ನೋಡದೆ ಪೈಪ್ ಹಿಡಿದರೆ ಚರಂಡಿಗೆ ಹೋಗುವುದು ಕೊಳೆಯೊಂದೇ ಅಲ್ಲ. ನಮ್ಮ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದೊಡನೆ ಮೊಬೈಲಿನಲ್ಲಿ ಎಲ್ಲ ಮೂಲೆಗಳ ಫೋಟೋ ತೆಗೆಯುವುದನ್ನು ಪದ್ಧತಿ ಮಾಡಿಕೊಂಡಿದ್ದೇವೆ.

ಬಾನೆಟ್ ಎತ್ತಿದಾಗ

ಮೇಲ್ಭಾಗ ಥಳಥಳ ಅನ್ನುತ್ತಿತ್ತು. ಇಂಜಿನ್ನಿನ ನೆತ್ತಿ ಮುಚ್ಚುವ ಟ್ಯಾಪೆಟ್ ಕವರ್, ಏರ್ ಫಿಲ್ಟರ್ ಡಬ್ಬಿ, ಫ್ಯೂಸ್ ಬಾಕ್ಸಿನ ಮುಚ್ಚಳ ಎಲ್ಲ ಹೊಸದರಂತೆ. ಆದರೆ ಅಲ್ಯೂಮಿನಿಯಂ ಮೇಲೂ ರೇಡಿಯೇಟರ್ ಪೈಪುಗಳ ಮೇಲೂ ಬಿಳಿ ಕಲೆಗಳು. ನಮ್ಮ ಭಾಗದ ಬೋರಿನ ನೀರು ಗಡಸು, ಅದರಲ್ಲಿ ಸುಣ್ಣದ ಅಂಶ, ಲವಣ ಹೆಚ್ಚು. ಕಾದ ಲೋಹದ ಮೇಲೆ ಬಿದ್ದ ನೀರು ಆವಿಯಾಗಿ ಲವಣ ಅಲ್ಲೇ ಕೂರುತ್ತದೆ. ತೊಳೆಯುವಾಗ ಇಂಜಿನ್ ಚೆನ್ನಾಗಿ ಬಿಸಿಯಿತ್ತು ಎನ್ನಲು ಆ ಕಲೆಗಳೇ ಸಾಕು. ಮಾಲೀಕರನ್ನು ಕೇಳಿದರೆ ಹೌದು, ತಿಕೋಟಾದಿಂದ ಬಂದವರೇ ಗಾಡಿಯನ್ನು ನೇರ ವಾಟರ್ ಸರ್ವಿಸ್‌ಗೆ ಬಿಟ್ಟಿದ್ದರು. ಅಲ್ಲಿ ನೊರೆ ಹೊಡೆದು, ಪ್ರೆಷರ್ ಗನ್‌ನಿಂದ ಇಂಜಿನ್ ತುಂಬ ನೀರು ಬಿಟ್ಟಿದ್ದರು.

ಸ್ಕ್ಯಾನರ್ ಹಾಕಿದಾಗ ಪಿ0303 ಕೋಡ್ ಬಂತು, ಮೂರನೇ ಸಿಲಿಂಡರಿನ ಮಿಸ್‌ಫೈರ್. ಈ ಇಂಜಿನ್‌ನಲ್ಲಿ ಪ್ರತಿ ಪ್ಲಗ್‌ನ ತಲೆಯ ಮೇಲೂ, ಕಿಡಿಗೆ ಬೇಕಾದ ವಿದ್ಯುತ್ ಕೊಡುವ ಒಂದೊಂದು ಕಾಯಿಲ್. ಪ್ಲಗ್ ಆಳವಾದ ಕೊಳವೆಯಂಥ ಗುಂಡಿಯೊಳಗಿರುತ್ತದೆ, ಗುಂಡಿಯ ಬಾಯಿಯನ್ನು ಕಾಯಿಲ್‌ನ ರಬ್ಬರ್ ಮುಚ್ಚಿರುತ್ತದೆ. ಮೊದಲು ಸುತ್ತಲೂ ಗಾಳಿ ಹೊಡೆದು, ಆಮೇಲೆ ಮೂರನೇ ಕಾಯಿಲ್ ಎತ್ತಿದೆ. ಒಳಗೆ ಎರಡು ಬೆರಳು ಎತ್ತರ ತುಕ್ಕು ಬಣ್ಣದ ನೀರು ನಿಂತಿತ್ತು. ಅದರ ಮೇಲೆ ತೆಳುವಾಗಿ ಆಯಿಲ್ ತೇಲುತ್ತಿತ್ತು.

ನೀರು ನೋಡಿ ಆಶ್ಚರ್ಯವಾಗಲಿಲ್ಲ, ಆಯಿಲ್ ಕಂಡು ಕಿವಿ ನೆಟ್ಟಗಾಯಿತು. ನೀರು ಹೊರಗಿನಿಂದ ಬಂದದ್ದು. ಆಯಿಲ್ ಹೊರಗಿನಿಂದ ಅಲ್ಲಿಗೆ ಹೋಗುವುದಿಲ್ಲ, ಟ್ಯಾಪೆಟ್ ಕವರಿನೊಳಗಿಂದಲೇ ಬರಬೇಕು. ಗುಂಡಿಯ ಸುತ್ತ ಒಂದು ಸೀಲ್ ಇರುತ್ತದೆ, ಅದು ಗಟ್ಟಿಯಾಗಿ ಸತ್ತಿದೆ ಎಂದಾಯಿತು. ಹೊರಗಿನ ಗುರುತನ್ನೆಲ್ಲ ನೀರು ಒರೆಸಿಹಾಕಿದ್ದರೂ ಒಳಗಿನ ಈ ಒಂದು ಗುರುತು ಉಳಿದಿತ್ತು.

ನೀರು ಅಲ್ಲಿಗೆ ಹೊಕ್ಕ ಬಗೆಯನ್ನು ಗಾಡಿ ಇಟ್ಟವರೆಲ್ಲ ತಿಳಿದಿರಬೇಕು. ಓಡಿ ಬಂದ ಇಂಜಿನ್ ಸುಮಾರು 90 ಡಿಗ್ರಿ ಇರುತ್ತದೆ, ಗುಂಡಿಯೊಳಗಿನ ಗಾಳಿಯೂ ಅಷ್ಟೇ ಕಾದಿರುತ್ತದೆ. ತಣ್ಣೀರು ಬಿದ್ದು ಅದು ಒಮ್ಮೆಲೇ 30 ಡಿಗ್ರಿಗೆ ಇಳಿದರೆ ಗಾಳಿ ಸುಮಾರು ಆರನೇ ಒಂದು ಭಾಗ ಕುಗ್ಗುತ್ತದೆ. ಆ ಖಾಲಿ ಜಾಗ ತುಂಬಲು ಗುಂಡಿ ಹೊರಗಿನಿಂದ ಹೀರಿಕೊಳ್ಳುತ್ತದೆ. ಬಾಯಿಯ ಸುತ್ತ ನೀರೇ ನಿಂತಿದ್ದರೆ ನೀರನ್ನೇ ಹೀರುತ್ತದೆ. ರಬ್ಬರ್ ಹೊಸದಿದ್ದರೆ ತಡೆಯುತ್ತಿತ್ತು. ಮೂರನೇ ಕಾಯಿಲ್‌ನ ರಬ್ಬರಿನಲ್ಲಿ ಉಗುರಿನಷ್ಟು ಬಿರುಕಿತ್ತು. ಉಳಿದ ಮೂರು ಗುಂಡಿಗಳು ಒಣಗೇ ಇದ್ದವು.

ಪ್ರೆಷರ್‌ನ ಲೆಕ್ಕವೂ ಇಲ್ಲೇ ಹೇಳಿಬಿಡುತ್ತೇನೆ. ಇಂಜಿನ್‌ನ ಕಪ್ಲರ್, ಸೆನ್ಸರ್‌ಗಳು ನೀರು ತಡೆಯುವಂಥವು ಎಂದು ಹಲವರು ಧೈರ್ಯ ಕೊಡುತ್ತಾರೆ. ಅವುಗಳಲ್ಲಿ ಹಲವಕ್ಕೆ ಇರುವುದು ಐಪಿ67 ದರ್ಜೆ. ಒಂದು ಮೀಟರ್ ಆಳದ ನಿಂತ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತೊಂದರೆಯಿಲ್ಲ ಎಂದಷ್ಟೇ ಅದು ಹೇಳುತ್ತದೆ. ಒತ್ತಡವನ್ನು ಬಾರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಮೀಟರ್ ಆಳದ ಒತ್ತಡ ಬಾರ್‌ನ ಹತ್ತನೇ ಒಂದು ಪಾಲು. ಹತ್ತು ಮೀಟರ್ ಎತ್ತರದ ಟ್ಯಾಂಕಿನಿಂದ ನಲ್ಲಿಗೆ ಬರುವ ನೀರಿನದು ಒಂದು ಬಾರ್. ಮನೆಬಳಕೆಗೆ ಮಾರುವ ಪ್ರೆಷರ್ ವಾಷರ್‌ಗಳ ಡಬ್ಬಿ ಮೇಲೆಯೇ 100 ಬಾರ್, ಅದಕ್ಕೂ ಹೆಚ್ಚು ಎಂದು ಬರೆದಿರುತ್ತದೆ. ಬಿಸಿನೀರಿನ ಜೋರು ಧಾರೆಗೆ ಬೇರೆಯೇ ದರ್ಜೆ, ಐಪಿ69ಕೆ. ಒಂಬತ್ತು ವರ್ಷ ಬಿಸಿಲು, ಬಿಸಿ ಎರಡನ್ನೂ ತಿಂದ ರಬ್ಬರನ್ನು ಆ ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಗುಂಡಿಯ ನೀರನ್ನು ಸಿರಿಂಜಿನಿಂದ ಎಳೆದು, ಗಾಳಿ ಹೊಡೆದು, ಪೂರ್ತಿ ಒಣಗಿದ ಮೇಲೆಯೇ ಪ್ಲಗ್ ಬಿಚ್ಚಿದೆ. ಒದ್ದೆ ಗುಂಡಿಯಲ್ಲಿ ಪ್ಲಗ್ ಬಿಚ್ಚಿದರೆ ನೀರು, ಮರಳು ಎಲ್ಲ ಸಿಲಿಂಡರಿನೊಳಗೆ ಇಳಿಯುತ್ತವೆ. ಕಾಯಿಲ್‌ನ ರಬ್ಬರ್ ಕಾಲಿನ ಮೇಲೆ ಕೂದಲೆಳೆಯಂಥ ಬೂದು ಗೆರೆಯೊಂದು ಮೇಲಿಂದ ಕೆಳಗೆ ಹೋಗಿತ್ತು. ಕಿಡಿ ಪ್ಲಗ್‌ನ ತುದಿಯಲ್ಲಿ ಹಾರುವ ಬದಲು ಒದ್ದೆ ರಬ್ಬರಿನ ಮೈಮೇಲೆ ಹರಿದ ದಾರಿ ಅದು. ಒಮ್ಮೆ ಇಂಗಾಲದ ಗೆರೆ ಬಿದ್ದರೆ ಒಣಗಿಸಿದರೂ ಪ್ರಯೋಜನವಿಲ್ಲ, ವಿದ್ಯುತ್ತಿಗೆ ಆ ದಾರಿ ರೂಢಿಯಾಗಿಬಿಡುತ್ತದೆ. ಆ ರಬ್ಬರ್ ಕಾಲು ಅಂದರೆ ಬೂಟ್ ಹಾಗೂ ಪ್ಲಗ್ ಹೊಸದು ಹಾಕಿ, ಬೂಟಿನ ಒಳಗೆ ವಿದ್ಯುತ್ ಹರಿಯಗೊಡದ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸವರಿದೆ. ಕಾಯಿಲ್‌ನ ಕಪ್ಲರಿನ ಪಿನ್ನಿನಲ್ಲಿ ಹಸಿರು ಹಿಡಿಯಲು ಆಗಲೇ ಶುರುವಾಗಿತ್ತು, ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಅದೂ ಹೋಯಿತು. ಇಂಜಿನ್ ಸಮ ಬಡಿತಕ್ಕೆ ಬಂತು.

"ಆತಲ್ರಿ?" ಎಂದರು ಮಾಲೀಕರು. ಮಿಸ್ ನಿಂತಿತ್ತು, ಆದರೆ ಸುಟ್ಟ ವಾಸನೆ ಇನ್ನೂ ಬರುತ್ತಿತ್ತು.

ಹಿಂದಿನ ಸಂದಿಯಲ್ಲಿ ಕೂತಿದ್ದು

ಈ ಗಾಡಿಯಲ್ಲಿ ಬಿಸಿ ಹೊಗೆ ಹೊರಹೋಗುವ ಕೊಳವೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇರುವುದು ಇಂಜಿನ್‌ನ ಹಿಂದೆ, ಕ್ಯಾಬಿನ್ ಗೋಡೆಯ ಕಡೆ. ಅಲ್ಲಿ ಕೈ ಹೋಗುವುದೇ ಕಷ್ಟ. ವಾಟರ್ ಸರ್ವಿಸ್‌ನ ಗನ್ ಮುಂದಿನಿಂದ ಹೊಡೆದಿದ್ದರಿಂದ ಮೇಲಿನ ಕೊಳೆಯೆಲ್ಲ ಹಿಂದಕ್ಕೆ ತಳ್ಳಿಕೊಂಡು ಹೋಗಿ ಅಲ್ಲಿ ಕೂತಿತ್ತು. ಕನ್ನಡಿ ಇಳಿಬಿಟ್ಟು ಟಾರ್ಚ್ ಹಾಕಿ ನೋಡಿದೆವು. ಹೀಟ್ ಶೀಲ್ಡ್‌ನ ಮಡಿಕೆಯಲ್ಲಿ ಕಡಲೆ ಹೊಟ್ಟು, ರವದಿ ಚೂರು, ಒಣ ಎಲೆ ಎಲ್ಲ ಆಯಿಲ್‌ನಲ್ಲಿ ನೆಂದು ಕಪ್ಪು ಗಟ್ಟಿ. ಒಂದು ತುಣುಕು ಕಿತ್ತು ಬೆರಳಲ್ಲಿ ಹಿಸುಕಿದರೆ ಆಯಿಲ್ ಜಿನುಗಿತು. ಒಂದು ಅಂಚಿನಲ್ಲಿ ಹೊಟ್ಟು ಸುಟ್ಟು ಕಂದಾಗಿತ್ತು.

ಅದನ್ನು ಕಂಡು ನನಗೆ ನಿಜಕ್ಕೂ ಎದೆ ಝಲ್ಲೆಂದಿತು. ರಸ್ತೆ ಮೇಲಿನ ರಾಶಿಯ ಕಣಿಕಿ, ಹೊಟ್ಟು ಸೈಲೆನ್ಸರಿಗೆ ಸಿಕ್ಕಿ ಗಾಡಿಗೆ ಬೆಂಕಿ ಹತ್ತಿದ್ದನ್ನು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಆ ಹೊಟ್ಟಿನ ಮೇಲೆ ಆಯಿಲ್ ಬೇರೆ ತೊಟ್ಟಿಕ್ಕುತ್ತಿತ್ತು. ಮ್ಯಾನಿಫೋಲ್ಡ್ ಏರು ಹತ್ತುವಾಗ ನೂರಾರು ಡಿಗ್ರಿ ಕಾಯುತ್ತದೆ. ನಮ್ಮ ಕಡೆ ಇಂಜಿನ್ ಸ್ವಚ್ಛ ಇಡಬೇಕು ಎನ್ನುವುದು ಚೆಂದಕ್ಕಲ್ಲ, ಇದಕ್ಕೆ. ಮಿಂಚುವ ಟ್ಯಾಪೆಟ್ ಕವರ್ ಕೊಳೆಯಾಗಿದ್ದರೂ ಯಾರಿಗೂ ನಷ್ಟವಿಲ್ಲ. ಯಾರೂ ನೋಡದ ಆ ಹಿಂದಿನ ಸಂದಿ ಸ್ವಚ್ಛವಿರಬೇಕು.

ಟ್ಯಾಪೆಟ್ ಕವರ್ ಬಿಚ್ಚಲೇಬೇಕಿತ್ತು. ಸುತ್ತ ಕೊಳೆ ಇಟ್ಟುಕೊಂಡು ಬಿಚ್ಚಿದರೆ ಅದು ಕ್ಯಾಮ್‌ಶಾಫ್ಟ್ ಮೇಲೆ ಬೀಳುತ್ತದೆ. ಹಾಗಾಗಿ ಮತ್ತೆ ತೊಳೆಯುವುದು, ಈ ಸಲ ಕೈಯಿಂದ, ಎಂದು ತೀರ್ಮಾನಿಸಿದೆವು.

ಕೈಯಿಂದ ತೊಳೆದ ಬಗೆ

ಗಾಡಿ ರಾತ್ರಿಯೆಲ್ಲ ನೆರಳಲ್ಲಿ ನಿಂತಿತ್ತು. ಬೆಳಗ್ಗೆ ಟ್ಯಾಪೆಟ್ ಕವರಿನ ಮೇಲೆ ಅಂಗೈ ಊರಿದರೆ ಹಿತವಾಗಿ ತಣ್ಣಗಿರಬೇಕು, ಅದೇ ಅಳತೆ. ಸ್ವಲ್ಪ ಬೆಚ್ಚಗಿದ್ದರೆ ಜಿಡ್ಡು ಬೇಗ ಬಿಡುತ್ತದೆ ಎನ್ನುವವರೂ ಇದ್ದಾರೆ, ಅದೂ ಸುಳ್ಳಲ್ಲ. ಆದರೆ ವಿಜಯಪುರದ ಮಾರ್ಚಿನಲ್ಲಿ ಬೆಚ್ಚಗಾಗಲು ಇಂಜಿನ್ ಚಾಲೂ ಮಾಡುವ ಅಗತ್ಯವೇ ಇಲ್ಲ.

ಮೊದಲ ಅರ್ಧ ಕೆಲಸ ಒಣದೇ. ಹೊಟ್ಟನ್ನು ಇಕ್ಕಳದಿಂದ ಕಿತ್ತು, ಬ್ರಷ್‌ನಿಂದ ಸಡಿಲಿಸಿ, ವ್ಯಾಕ್ಯೂಮ್‌ನಿಂದ ಎಳೆದೆವು. ವೈಪರ್ ಕೆಳಗಿನ ಜಾಲರಿಯಲ್ಲಿ ಬೇವಿನ ಎಲೆ ಕಟ್ಟಿಕೊಂಡಿತ್ತು, ಅದನ್ನೂ ತೆಗೆದೆವು. ನೀರು ಹೊರಹೋಗುವ ತೂತು ಅಲ್ಲೇ ಇರುತ್ತದೆ. ಇದನ್ನು ಬಿಟ್ಟು ನೇರ ನೀರಿಗೆ ಕೈಹಾಕಿದರೆ ಧೂಳು ಕೆಸರಾಗಿ ಇನ್ನೂ ಒಳಕ್ಕೆ ಇಳಿಯುತ್ತದೆ.

ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ ಬದಿಗೆ ಕಟ್ಟಿದೆವು. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಕೊನೆಗೆ. ಡೈನಮೋದ ಮೈಯಲ್ಲಿ ಗಾಳಿಯಾಡಲು ತೆರೆದ ಜಾಗಗಳಿವೆ, ಒಳಗೆ ತಾಮ್ರದ ಸುತ್ತು, ಡಯೋಡ್‌ಗಳಿವೆ. ಅದಕ್ಕೆ ದಪ್ಪ ಪ್ಲಾಸ್ಟಿಕ್ ಚೀಲ ಹೊದಿಸಿದೆವು. ಫ್ಯೂಸ್ ಬಾಕ್ಸ್, ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಅಂದರೆ ಇಸಿಯು, ಕಾಯಿಲ್‌ಗಳ ಸಾಲು, ಏರ್ ಫಿಲ್ಟರಿನ ಬಾಯಿ ಇವಕ್ಕೂ ಹಾಗೇ. ಚಿಕ್ಕ ಸೆನ್ಸರ್‌ಗಳಿಗೆ ತೊಳೆದು ಒಣಗಿಸಿದ ಹಾಲಿನ ಪಾಕೀಟು, ಮೇಲೊಂದು ರಬ್ಬರ್ ಬ್ಯಾಂಡ್. ಏರ್ ಫಿಲ್ಟರಿನ ಬಾಯಿಯನ್ನು ಹಗುರವಾಗಿ ಕಾಣಬೇಡಿ. ನೀರು ಅದುಮಿದರೆ ಕುಗ್ಗುವುದಿಲ್ಲ. ಸಿಲಿಂಡರಿನೊಳಗೆ ನೀರು ತುಂಬಿ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳವನ್ನೂ ಬಿಗಿಯಿದೆಯೇ ನೋಡಿದೆವು. ಆ ಆಯಿಲ್ ತೇವ ಹೀರುವ ಜಾತಿ. ಡಾಟ್ 4 ದರ್ಜೆಯದ್ದು ಹೊಸದಿದ್ದಾಗ 230 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ.

ಜಿಡ್ಡು ಬಿಡಿಸಲು ಸೀಮೆಎಣ್ಣೆ ತರಲೇ ಎಂದು ಮಾಲೀಕರು ಕೇಳಿದರು. ಹಳೆಯ ಕಾಲದ ಗ್ಯಾರೇಜುಗಳಲ್ಲಿ ಅದೇ ನಡೆಯುತ್ತಿತ್ತು, ಪೆಟ್ರೋಲ್ ಹಾಕಿ ತೊಳೆಯುವವರು ಈಗಲೂ ಇದ್ದಾರೆ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿದ್ದರೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಸೀಮೆಎಣ್ಣೆಗೆ ಸುಮಾರು 38 ಡಿಗ್ರಿ ಬೇಕು, ನಮ್ಮ ಬೇಸಿಗೆಯ ಮಧ್ಯಾಹ್ನ ಅದನ್ನು ಆರಾಮವಾಗಿ ದಾಟುತ್ತದೆ. ಒಂದು ಕಿಡಿ ಸಾಕು. ಇನ್ನು ರೇಡಿಯೇಟರಿನ ಪೈಪು, ಮುಂದಿನ ಬೆಲ್ಟು ಇವು ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರಿನವು. ಆ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ ಆಗಿಬರುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ. ಕಾಸ್ಟಿಕ್ ಸೋಡಾ ಬೆರೆತ ಪುಡಿ ಜಿಡ್ಡು ಬೇಗ ಕೀಳುತ್ತದೆ ನಿಜ, ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ.

ನಾವು ಬಳಸಿದ್ದು ನೀರಿನಲ್ಲಿ ಬೆರೆಯುವ ಸೌಮ್ಯ ಡಿಗ್ರೀಸರ್. ಸಾಮಾನ್ಯ ಕೊಳೆಗೆ ಒಂದಕ್ಕೆ ಹತ್ತು ಪಾಲು ನೀರು, ಹಿಂದಿನ ಸಂದಿಗೆ ಒಂದಕ್ಕೆ ನಾಲ್ಕು. ಕೈಗವಸು, ಕನ್ನಡಕ ಹಾಕಿಕೊಂಡೆವು, ತಲೆ ಬಗ್ಗಿಸಿ ಉಜ್ಜುವಾಗ ಹನಿ ಕಣ್ಣಿಗೇ ಹಾರುತ್ತದೆ. ಒಂದು ಅಂಗೈ ಅಗಲದ ಜಾಗಕ್ಕೆ ಸಿಂಪಡಿಸಿ, ಮೂರು ನಾಲ್ಕು ನಿಮಿಷ ಬಿಟ್ಟು, ಪೇಂಟ್ ಬ್ರಷ್‌ನಿಂದ ಉಜ್ಜುವುದು, ಒರೆಸುವುದು, ಮುಂದಿನ ಜಾಗಕ್ಕೆ ಹೋಗುವುದು. ನಮ್ಮ ಒಣ ಹವೆಯಲ್ಲಿ ಇಡೀ ಇಂಜಿನ್‌ಗೆ ಒಮ್ಮೆಲೇ ಹೊಡೆದರೆ ಉಜ್ಜುವಷ್ಟರಲ್ಲಿ ಒಣಗಿ ಕಲೆ ಕೂರುತ್ತದೆ. ಬ್ರಷ್‌ನ ತಗಡಿನ ಕುತ್ತಿಗೆಗೆ ಟೇಪ್ ಸುತ್ತಿರಬೇಕು. ಬೆಲ್ಟಿನ ಹತ್ತಿರ ಡಿಗ್ರೀಸರ್ ಸಿಂಪಡಿಸದೆ ಅರಿವೆಗೆ ಹಾಕಿಕೊಂಡೇ ಒರೆಸಿದೆವು. ಬೆಲ್ಟಿಗೆ ತಾಗಿದರೆ ಜಾರಿ ಕೀರಲಿಡುತ್ತದೆ.

ತೊಳೆಯಲು ಮಾಲೀಕರು ತಮ್ಮ ತೋಟದ ಔಷಧಿ ಪಂಪನ್ನೇ ಡಿಕ್ಕಿಯಿಂದ ತೆಗೆದರು. ಒತ್ತಡ ಕಡಿಮೆ, ಹನಿ ಸಣ್ಣ, ನೋಡಲು ಬಹಳ ಸೂಕ್ತ. ಆದರೂ ಬೇಡವೆಂದೆ. ದ್ರಾಕ್ಷಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ, ಅಂದರೆ ತಾಮ್ರದ ಲವಣ ಇರುತ್ತದೆ. ಪಂಪಿನ ತಳದಲ್ಲಿ ಉಳಿದ ಅದರ ಅಂಶ ಅಲ್ಯೂಮಿನಿಯಂ ಮೇಲೆ ಬಿದ್ದರೆ ತಾಮ್ರ ಅಲ್ಲಿ ಕೂತು ಲೋಹವನ್ನು ಚುಕ್ಕಿ ಚುಕ್ಕಿಯಾಗಿ ತಿನ್ನುತ್ತದೆ. ತೋಟದ ಪಂಪ್ ತೋಟಕ್ಕೇ ಇರಲಿ. ನಮ್ಮಲ್ಲಿ ನೀರಿಗೆಂದೇ ಇಟ್ಟ, ಕೈಯಿಂದ ಸಿಂಪಡಿಸುವ ಪಂಪ್ ಇತ್ತು. ಬೋರಿನ ನೀರಿನ ಬದಲು ಶುದ್ಧ ನೀರಿನ ಘಟಕದ 20 ಲೀಟರಿನ ಒಂದು ಕ್ಯಾನ್ ತಂದೆವು. ಅದರಲ್ಲೂ ನೀರು ಉಳಿಯಿತು. ಉಜ್ಜುವ ಕೆಲಸ ಸರಿಯಾಗಿದ್ದರೆ ನೀರಿಗೆ ಇರುವುದು ನೊರೆ ತೆಗೆಯುವ ಕೆಲಸ ಮಾತ್ರ.

ಕೆಳಗೆ ಅಗಲವಾದ ತಗಡಿನ ತಟ್ಟೆ ಇಟ್ಟಿದ್ದೆವು. ಅದರಲ್ಲಿ ನಿಂತ ಕಪ್ಪು ನೀರಿಗೆ ಗರಗಸದ ಪುಡಿ ಹಾಕಿ ಜಿಡ್ಡು ಹೀರಿಸಿ, ಅದನ್ನು ಹಳೆಯ ಆಯಿಲ್‌ನ ತ್ಯಾಜ್ಯದ ಜೊತೆ ಮುಚ್ಚಿದ ಡಬ್ಬಿಯಲ್ಲಿ ಇಟ್ಟೆವು. ಅಪಾಯಕಾರಿ ತ್ಯಾಜ್ಯ ಕುರಿತ 2016ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ, ಚರಂಡಿಗೆ ಬಿಡುವಂತಿಲ್ಲ. ಚರಂಡಿಗೆ ಬಿಟ್ಟದ್ದು ಹಳ್ಳ ಸೇರಿ, ಹಳ್ಳ ಹೊಳೆ ಸೇರುತ್ತದೆ. ಕುಡಿಯುವುದು ನಾವೇ.

ಒಣಗಿಸುವುದರಲ್ಲಿ ಅವಸರ ಮಾಡಲಿಲ್ಲ. ಬ್ಲೋವರ್‌ನಿಂದ ಸಂದಿಗೊಂದಿಯ ನೀರು ಹಾರಿಸಿ, ಮೆತ್ತನೆ ಅರಿವೆಯಿಂದ ಒರೆಸಿ, ಹೊದಿಸಿದ್ದನ್ನೆಲ್ಲ ತೆಗೆದು, ಬಾನೆಟ್ ತೆರೆದಿಟ್ಟೆವು. ಚೀಲ, ಪಾಕೀಟು ಎಷ್ಟು ಹಾಕಿದ್ದೆವೋ ಅಷ್ಟೂ ಹೊರಬಂದವೇ ಎಂದು ಎಣಿಸಿಯೇ ಬ್ಯಾಟರಿ ಜೋಡಿಸಬೇಕು. ಡೈನಮೋದ ಮೇಲೆ ಒಂದು ಚೀಲ ಉಳಿದರೂ ಕರಗಿ ಅಂಟಿಕೊಳ್ಳುತ್ತದೆ. ಹೊಳಪಿಗೆ ಸಿಲಿಕಾನ್ ಸ್ಪ್ರೇ ಹೊಡೆಯೋಣವೇ ಎಂದು ನಮ್ಮ ಹುಡುಗ ಕೇಳಿದ. ಅದರ ಆವಿ ಇಂಜಿನ್ ಒಳಗೆ ಹೋದರೆ ಆಕ್ಸಿಜನ್ ಸೆನ್ಸರ್ ಕೆಡುತ್ತದೆ, ಬೇಡವೆಂದೆ.

ಪೌಡರ್ ತೋರಿಸಿದ ಎರಡನೇ ಸೋರಿಕೆ

ಟ್ಯಾಪೆಟ್ ಕವರ್ ಬಿಚ್ಚಿದಾಗ ಅದರ ಅಂಚಿನ ಪ್ಯಾಕಿಂಗ್ ಮಡಚಲು ಹೋದರೆ ಲಟಕ್ಕನೆ ಮುರಿಯಿತು. ಪ್ಯಾಕಿಂಗ್, ಪ್ಲಗ್ ಗುಂಡಿಯ ಸೀಲ್‌ಗಳು ಎಲ್ಲ ಹೊಸವು. ಬೋಲ್ಟ್‌ಗಳನ್ನು ಕಂಪನಿ ಹೇಳಿದ ಕ್ರಮದಲ್ಲಿ, ಟಾರ್ಕ್ ರೆಂಚ್‌ನಿಂದಲೇ ಬಿಗಿದೆವು. ಸೋರಬಾರದು ಎಂದು ಕೈಜೋರಿನಿಂದ ಬಿಗಿದರೆ ಕವರ್ ಸೊಟ್ಟಗಾಗಿ ಇನ್ನೂ ಹೆಚ್ಚು ಸೋರುತ್ತದೆ.

ಆಮೇಲೆ ಒಣಗಿದ ಇಂಜಿನ್‌ನ ಹಿಂಬದಿಗೂ ಬದಿಗೂ ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿ, ಅಥಣಿ ರಸ್ತೆಯಲ್ಲಿ ತಿಕೋಟಾದ ಕಡೆಗೆ ಓಡಿಸಿಕೊಂಡು ಬಂದೆವು. ಬಾನೆಟ್ ಎತ್ತಿದರೆ ಟ್ಯಾಪೆಟ್ ಕವರಿನ ಅಂಚೆಲ್ಲ ಬೆಳ್ಳಗೇ ಇತ್ತು. ಆದರೆ ಬ್ಲಾಕಿನ ಬದಿಯಲ್ಲಿ, ಆಯಿಲ್ ಪ್ರೆಷರ್ ಸ್ವಿಚ್ಚಿನ ಕೆಳಗೆ, ಬಿಳಿ ಪೌಡರಿನಲ್ಲಿ ಕಡ್ಡಿಯಷ್ಟು ಅಗಲದ ಕಂದು ಗೆರೆ ಇಳಿದಿತ್ತು. ಸ್ವಿಚ್ಚಿನ ಲೋಹ ಮತ್ತು ಪ್ಲಾಸ್ಟಿಕ್ ಕೂಡುವಲ್ಲಿಂದ ಆಯಿಲ್ ಜಿನುಗುತ್ತಿತ್ತು. ಕೊಳೆ ಇದ್ದಾಗ ಟ್ಯಾಪೆಟ್ ಕವರಿನ ಆಯಿಲ್ ಇದನ್ನು ಮುಚ್ಚಿಹಾಕಿತ್ತು, ಪ್ರೆಷರ್ ವಾಷ್ ಆದಾಗ ಎರಡೂ ಒಟ್ಟಿಗೆ ಅಳಿಸಿಹೋಗಿದ್ದವು. ಸಣ್ಣ ಬೆಲೆಯ ಭಾಗ. ಬದಲಿಸಿ, ಹಳೆಯ ಗೆರೆ ಒರೆಸಿ, ಮತ್ತೆ ಪೌಡರ್ ಹಾಕಿ ಓಡಿಸಿದಾಗ ಎಲ್ಲೂ ಗೆರೆ ಬೀಳಲಿಲ್ಲ. ಸುಟ್ಟ ವಾಸನೆಯೂ ನಿಂತಿತು.

ಪ್ಲಾಸ್ಟಿಕ್ ಮುಚ್ಚಳಗಳ ಮೇಲಿನ ಬಿಳಿ ಕಲೆಗಳನ್ನು ವಿನೆಗರ್ ಅದ್ದಿದ ಅರಿವೆಯಿಂದ ತೆಗೆದು ನೀರಿನಿಂದ ಒರೆಸಿದೆವು. ಬರೀ ಅಲ್ಯೂಮಿನಿಯಂ ಮೇಲಿನವನ್ನು ಹಾಗೇ ಬಿಟ್ಟೆವು, ನೋಡಲು ಚೆಂದವಿಲ್ಲ ಅಷ್ಟೇ, ತೊಂದರೆಯಿಲ್ಲ.

ಮಾಲೀಕರಿಗೆ ಹೇಳಿ ಕಳಿಸಿದ್ದು ಇಷ್ಟು. ರಾಶಿಯ ದಿನಗಳಲ್ಲಿ ವಾರಕ್ಕೊಮ್ಮೆ ಇಂಜಿನ್ ತಣ್ಣಗಿದ್ದಾಗ ಟಾರ್ಚ್ ಹಾಕಿ ಹಿಂದಿನ ಸಂದಿಯನ್ನೂ ಗಾಡಿಯ ಹೊಟ್ಟೆಯನ್ನೂ ನೋಡಬೇಕು, ಹೊಟ್ಟು ಕಂಡರೆ ಕಡ್ಡಿಯಿಂದಲೋ ಗಾಳಿಯಿಂದಲೋ ತೆಗೆಯಬೇಕು. ಅದಕ್ಕೆ ನೀರು ಬೇಡ. ಸರ್ವಿಸ್‌ಗೆ ಬಂದಾಗ ಜಿಡ್ಡಿದ್ದರೆ ಕೈಯಿಂದ ಒರೆಸುತ್ತೇವೆ. ಹೊರಗೆಲ್ಲಾದರೂ ಬಾಡಿ ತೊಳೆಸುವಾಗ ಬಾನೆಟ್ ಎತ್ತಬೇಡಿ ಎಂದು ಮೊದಲೇ ಹೇಳಬೇಕು. ಅವರ ಅಣ್ಣನ ಮನೆಗೆ ಹೊಸ ಹೈಬ್ರಿಡ್ ಕಾರು ಬಂದಿದೆಯಂತೆ, ಅದಕ್ಕೂ ಹೀಗೇ ಮಾಡಬಹುದೇ ಎಂದು ಕೇಳಿದರು. ಕಿತ್ತಳೆ ಬಣ್ಣದ ದಪ್ಪ ವೈರ್ ಕಂಡರೆ ಅದು ನೂರಾರು ವೋಲ್ಟಿನದು, ಅಲ್ಲಿ ಒದ್ದೆ ಬ್ರಷ್ ಕೂಡ ಬೇಡ, ಮೇಲಿನ ಧೂಳನ್ನು ಒಣ ಅರಿವೆಯಿಂದ ಒರೆಸಿ ಉಳಿದದ್ದನ್ನು ಆ ತರಬೇತಿ ಇದ್ದವರಿಗೆ ಬಿಡಿ ಎಂದೆ.